ದ್ವೀಪ ಸುತ್ತಿದ್ದು

ಅಪ್ಪಾ,

ನೀನು ಹೋದ ಮೇಲೆ ಎರಡು ಮಳೆಗಾಲ ಕಳೆದವು. ಇದನ್ನು ಯಾವ ವಿಳಾಸಕ್ಕೂ ಕಳಿಸಲಾರೆ. ಆದರೂ ಇವತ್ತು ಆದದ್ದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ನಿನ್ನ ಅಳಿಯ ಜುಂಜೇಶ್ ನನ್ನನ್ನು ಥಾಯ್ಲೆಂಡಿನ ಒಂದು ಪುಟ್ಟ ದ್ವೀಪಕ್ಕೆ ಕರೆತಂದಿದ್ದಾರೆ. ಬಿಳಿ ಮರಳು, ಹಸಿರು ನೀರು, ತೆಂಗಿನ ನೆರಳಲ್ಲಿ ಸಾಲಾಗಿ ಕುರ್ಚಿಗಳು. ಬಂದವರೆಲ್ಲ ಹಾಯಾಗಿ ಮಲಗಿದ್ದಾರೆ. ನನಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ನೀರಿನ ಅಂಚು ಹಿಡಿದು ನಡೆದೆ. ಎಲ್ಲೋ ಒಂದು ಕಡೆ ದಾರಿ ಆಚೆಗೆ ಹೋಗುತ್ತದೆ ಅನ್ನಿಸುತ್ತಿತ್ತು. ಬಂಡೆ ದಾಟಿದೆ, ದೋಣಿ ಕಟ್ಟಿದ ಜಾಗ ದಾಟಿದೆ. ಕೊನೆಗೆ ಎದುರಾದದ್ದು ಅದೇ ಕುರ್ಚಿ, ಅದೇ ಜುಂಜೇಶ್. ಮತ್ತೆ ಹೊರಟೆ. ಮತ್ತೆ ಅಲ್ಲಿಗೇ ಬಂದೆ.

"ಏನೇ, ಥೇಟ್ ನಿಮ್ಮಪ್ಪನ ಥರಾನೇ ನಡಿತೀಯಲ್ಲ!" ಎಂದು ನಕ್ಕರು.

ನೋಡಿಕೊಂಡೆ. ಮಡಚಿದ ಛತ್ರಿಯನ್ನು ಕತ್ತಿನ ಹಿಂದೆ ಅಡ್ಡ ಇಟ್ಟು, ಎರಡೂ ಕೈ ಅದರ ಮೇಲೆ ಹಾಕಿದ್ದೆ. ತುರುವನೂರಿನ ಬಯಲಲ್ಲಿ ಕುರಿಗಳ ಹಿಂದೆ ನೀನು ಕೋಲು ಹೊತ್ತು ನಡೆಯುತ್ತಿದ್ದೆಯಲ್ಲ, ಹಾಗೆ.

ಆದರೆ ಜುಂಜೇಶ್ ನಿನ್ನನ್ನು ಬಯಲಲ್ಲಿ ನೋಡಿದವರಲ್ಲ. ನಾನು ಕುರಿ ಮಾರಿಸಿ ನಿನ್ನನ್ನು ದುರ್ಗಕ್ಕೆ ಕರೆತಂದ ಮೇಲೆ, ನಮ್ಮ ಮನೆಯ ತಾರಸಿಯ ಮೇಲೆ ನೀನು ಸುತ್ತು ಹಾಕುವಾಗ ನೋಡಿದ್ದು.

"ಬಿಸ್ಲು ಜೋರೈತೆ, ಕುಂತ್ಕಳೇ ಸುಮ್ನೆ. ಇಲ್ಲೇನ್ ಕಮ್ಮಿ ಆಗೈತೆ ನಿಂಗೆ?" ಅಂದರು.

ಅದು ನನ್ನ ಮಾತು, ಅಪ್ಪಾ. ಮೆಟ್ಟಿಲ ಬುಡದಲ್ಲಿ ನಿಂತು ದಿನಾ ನಿನಗೆ ಕೂಗಿ ಹೇಳುತ್ತಿದ್ದದ್ದು.

ಕುರ್ಚಿಯಲ್ಲಿ ಕೂತೇ ಇದನ್ನು ಬರೆಯುತ್ತಿದ್ದೇನೆ. ನನಗಾದರೆ, ವಾಪಸ್ ಹೋಗಲು ನಾಳೆ ದೋಣಿ ಬರುತ್ತದೆ.