ಇಲ್ಲದ ಬಂಡೆ

ಅಪ್ಪಾ,

ಸತ್ತ ಮೇಲೂ ನನ್ನ ತಲೆ ತಿನ್ನುವುದನ್ನು ನೀನು ಬಿಟ್ಟಿಲ್ಲ. ಈರೀ ಸರೋವರದಲ್ಲಿ ಪ್ರತಿ ಬೇಸಿಗೆಯೂ ಭಾನುವಾರ ಭಾನುವಾರ ನಾವು ಹುಡುಕಿದ, ಮುಳುಗಿಹೋದ ಆ ಹಳೆಯ ಹಡಗು ಇವತ್ತು ಸಿಕ್ಕಿತು. ಹೊಲ ಉಳುವ ಹಾಗೆ ಸಾಲುಸಾಲಾಗಿ, ನೀರಿನ ತಳವನ್ನು ಪರದೆಯಲ್ಲಿ ತೋರಿಸುವ ಸೋನಾರ್ ಎಳೆಯುತ್ತಾ ಹೋಗಿ, ಕೊನೆಯಲ್ಲಿ ಬಂಡೆ ತಗಲುತ್ತದೆ ಎಂದು ದೋಣಿ ತಿರುಗಿಸುತ್ತಿದ್ದೆಯಲ್ಲ, ಆ ಜಾಗದಿಂದ ಸ್ವಲ್ಪ ಆಚೆಗೇ! ಇವತ್ತು ವರ್ನಾ ಅತ್ತೆ ಚುಕ್ಕಾಣಿ ತಿರುಗಿಸಲೇ ಇಲ್ಲ. ಬಂಡೆಯೂ ಇಲ್ಲ, ಮಣ್ಣೂ ಇಲ್ಲ. ಪರದೆಯ ಮೇಲೆ ಮುರಿದ ಹಾಯಿಗಂಬದ ಸಮೇತ ಹಡಗು.

"ನಿಮ್ಮಪ್ಪ ಯಾವತ್ತೋ ಕಂಡಿದ್ದ ಕಣೇ," ಎಂದು ಅತ್ತೆ ನಕ್ಕಳು. "ಸಿಕ್ತು ಅಂದ್ರೆ ನೀನು ಭಾನುವಾರ ಬರೋದು ನಿಲ್ಲಿಸ್ತೀಯ ಅಂತ ಬಾಯಿ ಮುಚ್ಕೊಂಡಿದ್ದ."

ಅಯ್ಯೋ ಪುಣ್ಯಾತ್ಮಾ! ದೋಣಿ ಹತ್ತಿದರೆ ನನಗೆ ವಾಂತಿ. ಭಾನುವಾರವೆಲ್ಲ ಬಕೆಟ್ ಹಿಡಿದು ಕೂರುತ್ತಿದ್ದವಳು ಹಡಗಿಗೋಸ್ಕರ ಬರುತ್ತಿದ್ದಳು ಎಂದುಕೊಂಡೆಯಾ?