ಮುಸೆತ್‌ನ ಕೊಂಬು ಬಿದ್ದ ಸುದ್ದಿ

ಕೌತೊಕೈನೊ
ಡಿಸೆಂಬರ್ ೪

ಅಕ್ಕನ ಮನೆಯಲ್ಲಿ ಮುನಿಸಿಕೊಂಡು ಕೂತಿರುವ ಆಂತೆಗೆ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಹರಿದು ಹಾಕುವ ಮೊದಲು ಒಂದು ಸುದ್ದಿ ಓದಿಬಿಡು. ಭಾನುವಾರ ಬೆಳಿಗ್ಗೆ ನಿನ್ನ ಮುದ್ದಿನ ಕರಿ ಹಿಮಸಾರಂಗ ಮುಸೆತ್‌ನ ಎಡಗೊಂಬು ಬಿತ್ತು. ಸೋಮವಾರ ಬಲಗೊಂಬೂ ಬಿತ್ತು.

ಇದರರ್ಥ ನಿನಗೆ ನಾನು ಹೇಳಬೇಕಾಗಿಲ್ಲ. ಹೆಣ್ಣು ಹಿಮಸಾರಂಗದ ಕೊಂಬು ಮರಿ ಹಾಕುವ ಕಾಲದವರೆಗೂ ನಿಲ್ಲುತ್ತದೆ. ಬೀಜ ಒಡೆದ ಗಂಡಿನದೂ ವಸಂತದವರೆಗೆ ಬೀಳುವುದಿಲ್ಲ. ಬೆದೆ ಮುಗಿಸಿ ಡಿಸೆಂಬರಿಗೇ ಬೋಳುತಲೆ ಮಾಡಿಕೊಳ್ಳುವುದು ಬೀಜ ಒಡೆಯದ ಗಂಡು ಮಾತ್ರ.

ಆಗಸ್ಟಿನಲ್ಲಿ ಅದನ್ನು ಹಿಮದ ಬಂಡಿ ಎಳೆಯಲು ಪಳಗಿಸೋಣ ಎಂದು ನಿನ್ನ ಕೈಗೆ ಬೀಜ ಒಡೆಯುವ ಇಕ್ಕುಳ ಕೊಟ್ಟು ದೊಡ್ಡಿಗೆ ಕಳಿಸಿದವಳು ನಾನು. ಅರ್ಧ ಗಂಟೆ ಬಿಟ್ಟು ನೀನು ಬಂದು, "ಆಯ್ತು ಕಣೆ ಬಿರೆತ್, ಪಾಪ, ಕಮಕ್ ಕಿಮಕ್ ಅನ್ಲಿಲ್ಲ" ಅಂದೆ. ಹೇಗೆ ಅಂದೀತು, ನೀನು ಮುಟ್ಟಿದ್ದರೆ ತಾನೆ?

ಸೆಪ್ಟೆಂಬರಿನಲ್ಲಿ ಅದರ ಕುತ್ತಿಗೆ ದಿಂಬಿನಂತೆ ಊದಿತು. ಮೇವು ಬಿಟ್ಟಿತು, ಗಬ್ಬು ನಾರತೊಡಗಿತು. ಪಕ್ಕದ ಮನೆ ಹೈಕಾನ ಹೆಣ್ಣು ಸಾರಂಗಗಳ ಹಿಂದೆ ಬಿದ್ದು, ತಡೆಯಲು ಬಂದ ಹೈಕಾನನ್ನೇ ಅಟ್ಟಿಸಿಕೊಂಡು ಹೋಗಿ ಕೊಟ್ಟಿಗೆಯ ಸೂರು ಹತ್ತಿಸಿತು. ಆಗಲೂ ನೀನು, "ಅಣಬೆ ತಿಂದು ತಲೆ ತಿರುಗಿದೆ, ಅಷ್ಟೆ" ಅಂದೆಯಲ್ಲ! ಸೂರಿನ ಮೇಲಿಂದ ಹೈಕಾ, "ಅಣಬೆ ತಿಂದೋರು ಹೆಣ್ಣಿನ ಹಿಂದೆ ಓಡ್ತಾರೇನೋ? ಹಂಗಿದ್ರೆ ನಂಗೂ ಒಂದ್ ಬುಟ್ಟಿ ಕೊಡು!" ಅಂತ ಕೂಗಿದ.

ಅಕ್ಟೋಬರ್ ಕೊನೆಯವರೆಗೂ ಅದೇ ಜಗಳ ಎಳೆದೆವು. ಕೊನೆಗೊಂದು ದಿನ ಹೈಕಾನ ಎದುರಿಗೇ ನಾನು, "ನಿಂಗೆ ಒಂದ್ ಇಕ್ಕುಳ ಒತ್ತೋ ಧೈರ್ಯ ಇಲ್ಲ, ಬರೀ ಸುಳ್ಳು ಹೇಳೋಕೆ ಧೈರ್ಯ" ಅಂದೆ. ನೀನು ಚೀಲ ಹೆಗಲಿಗೇರಿಸಿ ಅಕ್ಕನ ಮನೆಗೆಂದು ಟ್ರೊಮ್ಸೊ ಬಸ್ ಹತ್ತಿದೆ.

ಅದು ಅನ್ನಬಾರದ ಮಾತಾಗಿತ್ತು, ಆಂತೆ.

ತಾಯಿ ಸತ್ತಾಗ ಮರಿ ಮುಸೆತ್‌ನನ್ನು ಬಿರುಗಾಳಿಯಲ್ಲಿ ಮೂರು ದಿನ ನಿನ್ನ ಕೋಟಿನೊಳಗೆ ಇಟ್ಟುಕೊಂಡು, ಬಾಟಲಿಯಲ್ಲಿ ಹಾಲು ಕುಡಿಸಿದವನು ನೀನು. ಅದಕ್ಕೆ ಇಕ್ಕುಳ ಒತ್ತುವುದು ನಿನ್ನ ಕೈಲಿ ಆಗುವುದಿಲ್ಲ ಎಂದು ನನಗೆ ಅನುಮಾನವಿತ್ತು. ನನ್ನ ಕೈಲಿ ಆಗುವುದಿಲ್ಲ ಎಂಬುದಂತೂ ಖಾತ್ರಿಯಿತ್ತು. ಅದಕ್ಕೇ ನಿನ್ನನ್ನು ಕಳಿಸಿದ್ದು. ನಿಜ ಹೇಳಿದ್ದರೆ ನಾನು ಬೈಯುತ್ತಿದ್ದೆ. ಬೈದು, ಕಾಫಿ ಕಾಸುತ್ತಿದ್ದೆ.

ಮುಸೆತ್‌ನನ್ನು ಈಗ ನೋಡಬೇಕು ನೀನು. ಬೆದೆಯಲ್ಲಿ ಉಪವಾಸವಿದ್ದು ಪಕ್ಕೆಲುಬುಗಳು ಎದ್ದು ಕಾಣುತ್ತಿವೆ. ಗೊರಸಿನಿಂದ ಹಿಮ ತೋಡಿ ತೋಡಿ ಕೆಳಗಿನ ಕಲ್ಲುಹೂವಿಗೆ ಬಾಯಿ ಹಾಕುವಷ್ಟರಲ್ಲಿ, ಅದರ ಅರ್ಧ ಗಾತ್ರದ ಬಸುರಿ ಹೆಣ್ಣೊಂದು ಕೊಂಬು ತಗ್ಗಿಸಿ ಬರುತ್ತದೆ. ಇದು ತೆಪ್ಪಗೆ ಪಕ್ಕಕ್ಕೆ ಸರಿದು ಇನ್ನೊಂದು ಗುಂಡಿ ತೋಡುತ್ತದೆ. ಬಸುರಿಗೆ ಚಳಿಗಾಲದಲ್ಲಿ ಕೊಂಬು ಯಾಕಿರುತ್ತದೆಂದು ಈಗ ಹೈಕಾನಿಗೂ ಅರ್ಥವಾಗಿದೆ. ಅವನ ಸಿಟ್ಟೂ ಇಳಿದಿದೆ. "ಮೇ ತಿಂಗಳಲ್ಲಿ ಕರೀ ಮರಿಗಳು ಹುಟ್ಟಿದ್ರೆ ಅವು ಆಂತೆನ್ನೇ ಅಜ್ಜ ಅಂತ ಕರೀಬೇಕು" ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ.

ನಾನು ದಿನಾ ಒಂದು ಚೀಲ ಕಲ್ಲುಹೂವು ಹಾಕುತ್ತೇನೆ. ತಿನ್ನುತ್ತದೆ, ಆದರೆ ನನ್ನ ಹಿಂದೆ ಇನ್ನೊಬ್ಬರು ಬರುತ್ತಾರೇನೋ ಎಂದು ಕತ್ತು ಚಾಚಿ ನೋಡುತ್ತದೆ. ನಾನೂ ತಿರುಗಿ ನೋಡಿಬಿಡುತ್ತೇನೆ.

ಶುಕ್ರವಾರದ ಬಸ್ಸಿಗೆ ಬಾ. ಇಕ್ಕುಳವನ್ನು ಹೈಕಾನಿಗೆ ಕೊಟ್ಟುಬಿಟ್ಟಿದ್ದೇನೆ, ತಂತಿ ಬಗ್ಗಿಸಲು ಚೆನ್ನಾಗಿದೆಯಂತೆ.

ನಿನ್ನ,
ಬಿರೆತ್

ಮರೆತಿದ್ದೆ: ನೀನು ಮನೆ ಬಿಟ್ಟು ಹೋದದ್ದು ನನ್ನ ಅಮ್ಮನಿಗೆ ಗೊತ್ತಿಲ್ಲ. ಹಲ್ಲು ಕೀಳಿಸಲು ಹೋಗಿದ್ದಾನೆ ಅಂದಿದ್ದೆ. ಅವಳು ಪ್ರತಿ ಭಾನುವಾರ ಕೇಳುತ್ತಾಳೆ, ನಾನು ಪ್ರತಿ ಭಾನುವಾರ ಇನ್ನೊಂದು ಕೀಳಿಸುತ್ತೇನೆ. ಇಲ್ಲಿಯವರೆಗೆ ಐದು ಹೋಗಿವೆ. ಬಂದವನು ಅವಳೆದುರು ಒಣಮಾಂಸ ಅಗಿಯಬೇಡ, ಬಾಯಿ ಬಿಟ್ಟು ನಗಬೇಡ. ಈ ವಾರವೂ ಬರದಿದ್ದರೆ ಮುಂದಿನದು ದವಡೆ ಹಲ್ಲು.