ನನ್ನ ಹಾಡು ಹಾಡಲು ನನಗೇ ಅಪ್ಪಣೆ ಬೇಕಂತೆ

ಹಾಡುಗಳ ಹಕ್ಕು ಕಾಯುವ ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನನ್ನ ಹಾಡನ್ನು ನಾನೇ ಕದ್ದಿದ್ದೇನೆಂದು ತಮ್ಮ ಕಚೇರಿ ತೀರ್ಮಾನಿಸಿದೆ. ಕೊಯಿಲಾಂಡಿಯ ಮದುವೆಮನೆಗಳಿಗೆ ಹಾಡು ಕಟ್ಟಿ, ಹಾಡಿ ಬದುಕುವ ನಾನು ಈ ಕಳ್ಳತನವನ್ನು ಹೇಗೆ ಮಾಡಿದೆನೆಂಬುದನ್ನೂ ತಾವೇ ದಯಮಾಡಿ ತಿಳಿಸಬೇಕು. ನನಗಂತೂ ಗೊತ್ತಾಗಿಲ್ಲ.

ಅದು ತಂಗಿ ಸುಹರಾಳ ಮದುವೆಗೆಂದು ಕಟ್ಟಿದ ಹಾಡು. ಹೊರಟುನಿಂತ ಮದುಮಗಳು ತಾಯಿಗೆ ಹೇಳುತ್ತಾಳೆ: ಅಡುಗೆಮನೆಯ ಕಿಟಕಿ ಮುಚ್ಚಬೇಡ ಉಮ್ಮಾ, ನಾನು ಕರೆದರೆ ನಿನಗೆ ಕೇಳಬೇಕು. ರಾಗ ಕೂಡಿಸಿದವರು ನನ್ನ ಗಂಡ ಹಂಸಕೋಯ. ಸುಹರಾಳ ಮದುವೆ ಮುಗಿದ ಮೇಲೆ ಅವರು ಹಾರ್ಮೋನಿಯಂ ನುಡಿಸಿದರು, ನಾನು ಹಾಡಿದೆ, ಫೋನಿನಲ್ಲೇ ಧ್ವನಿಮುದ್ರಿಸಿ ಅಂತರ್ಜಾಲಕ್ಕೆ ಹಾಕಿದೆವು. ನಡುವೆ ನಾನು ಉಮ್ಮನ ಅಪ್ಪಣೆ ಕೇಳುವ ಸಾಲೊಂದನ್ನು ಬಿಟ್ಟಾಗ ಅವರು, "ಏನೇ, ಉಮ್ಮನ್ನ ಕೇಳ್ದೆನೇ ಹೊರಟ್ಬಿಟ್ಯಾ?" ಎಂದು ನಕ್ಕದ್ದೂ ಅದರಲ್ಲಿ ಸೇರಿಹೋಯಿತು. ಅಳಿಸೋಣವೆಂದರೆ ಬಿಡಲಿಲ್ಲ. ಮುಂದಿನ ಮಳೆಗಾಲದಲ್ಲಿ ಎದೆನೋವು ಬಂದು ತೀರಿಕೊಂಡರು. ಫೋನೂ ಕೆಟ್ಟಿತು. ಅವರ ನಗು ಉಳಿದದ್ದು ಅಂತರ್ಜಾಲದ ಆ ಒಂದು ಹಾಡಿನಲ್ಲಿ ಮಾತ್ರ.

ಆಮೇಲೆ ಸಂಗೀತ ಕಂಪನಿಯೊಂದು ಅದೇ ಹಾಡನ್ನು ಹೆಸರಾಂತ ಗಾಯಕರಿಂದ ಹಾಡಿಸಿ, ತನ್ನದೆಂದು ತಮ್ಮಲ್ಲಿ ನೋಂದಾಯಿಸಿತು. ತಮ್ಮ ಮುದ್ರೆ ತೋರಿಸಿ, ನಮ್ಮದು ನಕಲೆಂದು ದೂರಿ, ಅದನ್ನು ಅಂತರ್ಜಾಲದಿಂದ ತೆಗೆಸಿಹಾಕಿತು. ನಾನು ಎಷ್ಟು ಸಲ ಬರೆದರೂ ತಮ್ಮಿಂದ ಒಂದೇ ಉತ್ತರ: "ಹಕ್ಕುದಾರರನ್ನು ಸಂಪರ್ಕಿಸಿ." ಕನ್ನಡಿಯ ಮುಂದೆ ನಿಂತು ಸಂಪರ್ಕಿಸಿದೆ, ಮಾನ್ಯರೇ. ಆಕೆಯೂ ಉತ್ತರ ಕೊಡಲಿಲ್ಲ.

ಕಳೆದ ತಿಂಗಳು ಮದುವೆಯೊಂದಕ್ಕೆ ಹಾಡಲು ಹೋಗಿದ್ದೆ. ಕಾರ್ಯಕ್ರಮ ನಡೆಸಿಕೊಡುವ ಮೊಯ್ದೀನ್ ಬಾವ, ನನ್ನನ್ನು ಇತ್ತಾ, ಅಂದರೆ ಅಕ್ಕಾ, ಎಂದು ಕರೆಯುವವನು, ಬಾಗಿಲಲ್ಲೇ ತಡೆದ.

"ಸೌದಾತ್ತಾ, ಬೇರೆ ಏನ್ ಬೇಕಾದ್ರೂ ಹಾಡಿ. ಕಿಟಕಿ ಹಾಡೊಂದು ಬೇಡ. ವಿಡಿಯೋ ಹಾಕಿದ್ರೆ ಕಂಪನಿಯವ್ರು ನೋಟಿಸ್ ಕಳಿಸ್ತಾರೆ."

"ಅದು ನಂದೇ ಹಾಡಲ್ವೇನೋ ಬಾವಾ?"

"ನಿಮ್ದೇ ಅಂತ ನಂಗೊತ್ತು. ನಾನೇನು ಜಡ್ಜಾ?"

ನಾನು ಬೇರೆ ಹಾಡುಗಳನ್ನು ಹಾಡಿ ಇಳಿದೆ. ಊಟದ ಹೊತ್ತಿಗೆ ಧ್ವನಿವರ್ಧಕದಲ್ಲಿ ಕಂಪನಿಯ ಹಾಡು ಹಾಕಿದರು. ಅದಕ್ಕೆ ಬೇಕಾದ ಅಪ್ಪಣೆಯನ್ನು ದುಡ್ಡು ಕೊಟ್ಟು ಪಡೆದಿದ್ದರಂತೆ. ಮದುಮಗಳ ಸುತ್ತ ಹುಡುಗಿಯರು ಕೈತಟ್ಟುತ್ತ ಒಪ್ಪನ ಕುಣಿಯತೊಡಗಿದರು. ಬಿರಿಯಾನಿ ತಟ್ಟೆಯ ಮುಂದೆ ಕೂತು ನಾನೂ ಮೆಲ್ಲಗೆ ದನಿಗೂಡಿಸಿದೆ. ಪಕ್ಕದಲ್ಲಿದ್ದ ಹುಡುಗಿ ನನ್ನ ಮೊಣಕೈ ಮುಟ್ಟಿದಳು.

"ಇತ್ತಾ, ಅದು ಅಡುಗೆಮನೆ ಕಿಟಕಿ ಅಲ್ಲ, ಚಿನ್ನದ ಕಿಟಕಿ. ಪರ್ವಾಗಿಲ್ಲ ಬಿಡಿ, ನಮ್ಮುಮ್ಮನೂ ಹೀಗೇ ತಪ್ಪು ತಪ್ಪಾಗಿ ಹಾಡ್ತಾರೆ."

ಚಿನ್ನದ ಕಿಟಕಿಯಿರುವ ಮನೆಯನ್ನು ಕೊಯಿಲಾಂಡಿಯಲ್ಲಿ ನಾನು ಕಂಡಿಲ್ಲ. ಆದರೂ "ಹೌದಾ ಮಗಳೇ?" ಎಂದು ತಟ್ಟೆಗೆ ಕೈ ಹಾಕಿದೆ. ಆ ಗದ್ದಲದಲ್ಲಿ ಯಾರಿಗೆ ಹೇಳಲಿ? ಹೇಳಿದರೂ, ಹಾಡು ತನ್ನದೆನ್ನುವ ಮರುಳಿಯೆಂದು ನಗುವುದಿಲ್ಲವೇ?

ಹಾಡು ಹುಟ್ಟಿದ ಕ್ಷಣದಲ್ಲೇ ಕಟ್ಟಿದವರ ಹಕ್ಕೂ ಹುಟ್ಟುತ್ತದೆಂದು ತಾವು ಸಭೆಗಳಲ್ಲಿ ಭಾಷಣ ಮಾಡುತ್ತೀರಂತೆ. ಬಹಳ ಸಂತೋಷ. ಆ ಹಕ್ಕು ವಕೀಲರಿದ್ದವರ ಮನೆಯಲ್ಲಷ್ಟೇ ಉಸಿರಾಡುತ್ತದೆಯೇ? ಕಂಪನಿಯ ಹಂಗಿಲ್ಲದೆ ಹಾಡು ಕಟ್ಟುವವರಿಗೆ ಇರುವ ಆದಾಯ ಮದುವೆಯವರು ಕೊಡುವ ಸಂಭಾವನೆ ಮತ್ತು ಅಂತರ್ಜಾಲದಿಂದ ಬರುವ ಚಿಲ್ಲರೆ. ಎರಡು ಬಾಗಿಲನ್ನೂ ತಾವು ಒಂದೇ ಮುದ್ರೆ ಒತ್ತಿ ಮುಚ್ಚಿದಿರಿ. ಮುದ್ರೆ ಒತ್ತುವ ಮುನ್ನ ಯಾರಾದರೂ ಎರಡೂ ಹಾಡುಗಳನ್ನು ಕೇಳಿದರೇ?

ಆ ನೋಂದಣಿಯನ್ನು ರದ್ದುಮಾಡಿ. ಹಾಡಿನ ಮೇಲೆ ನಮ್ಮಿಬ್ಬರ ಹೆಸರು ಬರಲಿ. ದೂರು ಕೇಳಲು ಕಿವಿಯಿರುವ ಮನುಷ್ಯರೊಬ್ಬರನ್ನು ನೇಮಿಸಿ. ಸಾಕ್ಷಿ ಹೇಳಲು ಸುಹರಾ ಬರುತ್ತಾಳೆ. ಎಲ್ಲಕ್ಕಿಂತ ಮೊದಲು ನಮ್ಮ ಧ್ವನಿಮುದ್ರಿಕೆಯನ್ನು ಇದ್ದಲ್ಲಿಗೆ ಮರಳಿಸಿ. ಬಾಕಿ ಸಂಪಾದನೆಯ ಮಾತು ಆಮೇಲೆ ಆಡೋಣ.

ಮೊನ್ನೆ ಹೊಸದೊಂದು ಹಾಡು ಹುಟ್ಟಿದೆ. ಹೊರಗೆ ಹಾಡಿದರೆ ಯಾರದಾಗುತ್ತದೋ ಎಂದು ಮನೆಯೊಳಗೇ ಹಾಡಿಕೊಳ್ಳುತ್ತೇನೆ. ಮುಗಿದ ಮೇಲೆ ಯಾರ ಮುಖ ನೋಡಬೇಕೆಂದು ತಿಳಿಯುವುದಿಲ್ಲ.

ಇಂತಿ,
ತಮ್ಮ ದಾಖಲೆಯ ಪ್ರಕಾರ ನಕಲು ಮಾಡಿದವಳು,
ಸೌದಾಬಿ, ಕೊಯಿಲಾಂಡಿ